ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಂದ ಕೆಂಪು ಎಣ್ಣೆ ಸೋರ್ತಿದೆ, ಗೊತ್ತಿರೋರು ಯಾರಾದ್ರೂ ಹೇಳಿ

ತುಂಗಾತೀರ: ಬೆಳಗಾದ್ರೆ ಕಾರಿನ ಕೆಳಗೆ ಕೆಂಪು ಎಣ್ಣೆ. ಗೇರ್‌ಬಾಕ್ಸಿಂದೇ, ಇನ್ಯಾವುದು ಕೆಂಪಗಿರುತ್ತೆ? ಗ್ಯಾರೇಜಿನವರು ಗೇರ್‌ಬಾಕ್ಸ್ ಚೇಂಬರಿನ (ತಳದ ಎಣ್ಣೆ ತಟ್ಟೆ) ಪ್ಯಾಕಿಂಗ್ ಬದಲಾಯಿಸಿ ದುಡ್ಡು ಇಸ್ಕೊಂಡ್ರು, ಸೋರೋದು ನಿಂತಿಲ್ಲ. ಈಗ ಬಾಕ್ಸ್ ಇಳಿಸ್ಬೇಕಂತೆ. ತಲೆ ಕೆಟ್ಟುಹೋಗಿದೆ.

ಗೌಡ್ರು_ಗೇರ್: ಟಾರ್ಕ್ ಕನ್ವರ್ಟರ್ ಸೀಲ್. ಎಂಜಿನ್ನಿಗೂ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಮಧ್ಯೆ ಇರೋ ಕನ್ವರ್ಟರಿನ ರಬ್ಬರ್ ಸೀಲು. ಕಣ್ಣು ಮುಚ್ಕೊಂಡು ಹೇಳ್ತೀನಿ. ಹಳೇ ಗಾಡೀಲಿ ರಬ್ಬರ್ ಗಟ್ಟಿಯಾಗಿಬಿಡುತ್ತೆ. ಇಳಿಸದೆ ಬೇರೆ ದಾರಿ ಇಲ್ಲ.

ಪಾನಾ_14: ಗೌಡ್ರೇ, ಯಾವ ಕಾರು ಅಂತ ಅವರಿನ್ನೂ ಹೇಳಿಲ್ಲ, ನೀವಾಗ್ಲೇ ಬಾಕ್ಸ್ ಇಳಿಸಿಬಿಟ್ರಿ! ತುಂಗಾತೀರ ಅವರೇ, ಯಾವ ಗಾಡಿ, ಯಾವ ವರ್ಷದ್ದು? ಹನಿ ಎಲ್ಲಿ ಬೀಳುತ್ತೆ? ಡಿಪ್‌ಸ್ಟಿಕ್, ಅಂದ್ರೆ ಗೇರ್ ಎಣ್ಣೆ ಅಳೆಯೋ ಕಡ್ಡಿ, ನೋಡಿದ್ರಾ?

ತುಂಗಾತೀರ: ಟೊಯೋಟಾ ಕ್ಯಾಮ್ರಿ, 2004. ಹನಿ ಮುಂದುಗಡೆ. ಗೇರ್ ಎಲ್ಲಾ ಸರಿಯಾಗಿ ಬೀಳ್ತಿದೆ. ಎಂಜಿನ್ ಆಫ್ ಮಾಡಿ ನೋಡ್ದೆ, ಎಣ್ಣೆ ಇದೆ.

ಗೌಡ್ರು_ಗೇರ್: ಮುಂದುಗಡೆ ಅಂದ್ಮೇಲೆ ಮುಗೀತಲ್ಲ. ಕನ್ವರ್ಟರ್ ಸೀಲ್.

ಹಳೆಗಾಡಿ: ಆಫ್ ಮಾಡಿ ನೋಡಿದ್ದು ಲೆಕ್ಕಕ್ಕಿಲ್ಲ. ಒಂದು ಸುತ್ತು ಓಡಿಸಿ ಬಿಸಿ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಸಿ. ಬ್ರೇಕ್ ತುಳಿದು ಗೇರ್ ಲಿವರ್ ಪಿ-ಯಿಂದ ಎಲ್-ವರೆಗೂ ಹಾಕಿ ವಾಪಸ್ ಪಿ-ಗೆ ತನ್ನಿ. ಎಂಜಿನ್ ಓಡ್ತಿರುವಾಗ್ಲೇ ಕಡ್ಡಿ ತೆಗೀಬೇಕು. ಎಣ್ಣೆ ಕಡ್ಡಿ ಮೇಲಿನ ಹಾಟ್ ಗೆರೆಗಳ ಮಧ್ಯೆ ಇರ್ಬೇಕು.

ಸಿಟಿ_ಸವಾರ: ತಪ್ಪು ಮಾಹಿತಿ. ಆಫ್ ಮಾಡಿ 60ರಿಂದ 90 ಸೆಕೆಂಡ್ ಬಿಟ್ಟು ನೋಡ್ಬೇಕು. ನನ್ನ ಹೋಂಡಾ ಪುಸ್ತಕದಲ್ಲೇ ಬರೆದಿದೆ.

ಹಳೆಗಾಡಿ: ಹೋಂಡಾ ಪುಸ್ತಕ ಹೋಂಡಾಗೆ ಸ್ವಾಮಿ. ನಮ್ಮ ಷೆಡ್ಡಲ್ಲಿ ಡಬ್ಲ್ಯೂ123 ಅನ್ನೋ ಹಳೇ ಬೆಂಜ್ ಆಟೋಮ್ಯಾಟಿಕ್ ಕಾರಿದೆ, ಅದನ್ನೂ ಓಡಿಸ್ತಾನೇ ನೋಡೋದು. ಅಂದಹಾಗೆ ಮೊನ್ನೆ ಎರಡು ಕಂಬದ ಲಿಫ್ಟ್ ಹಾಕಿಸ್ದೆ, ಫೋಟೋ ಹಾಕ್ತೀನಿ.

ಪಾನಾ_14: ಲಿಫ್ಟ್ ಆಮೇಲೆ ನೋಡೋಣ. ಹನಿ ಎಡಕ್ಕೋ ಬಲಕ್ಕೋ? ಆ ಕ್ಯಾಮ್ರೀಲಿ ಎಂಜಿನ್ ಅಡ್ಡ ಕೂತಿರೋದು. ಗೇರ್‌ಬಾಕ್ಸ್ ಎಡಕ್ಕೆ, ಬೆಲ್ಟು, ಪವರ್ ಸ್ಟೀರಿಂಗ್ ಪಂಪು ಬಲಕ್ಕೆ. ಆ ಸ್ಟೀರಿಂಗಿಗೂ ಡೆಕ್ಸ್‌ರಾನ್ ಎಟಿಎಫ್ಫೇ (ಆಟೋಮ್ಯಾಟಿಕ್ ಗೇರ್ ಎಣ್ಣೆ) ಹಾಕೋದು, ಅದೂ ಕೆಂಪೇ. ಕೆಳಗೆಲ್ಲ ಡಿಗ್ರೀಸರ್ ಹೊಡೆದು ತೊಳೆದು ಒಣಗಿಸಿ. ಎಂಜಿನ್ ಆಫ್ ಇದ್ದಾಗ ಮುಖದ ಪೌಡರ್ ಉದುರಿಸಿ, ಆಮೇಲೆ ಸ್ವಲ್ಪ ಓಡಿಸಿ ಬನ್ನಿ. ರಾತ್ರಿ ಕೆಳಗೆ ರಟ್ಟು ಹಾಸಿ, ಅದರ ಮೇಲೆ ಚಕ್ರ ಎಲ್ಲಿದೆ ಅಂತ ಗುರುತು ಹಾಕಿ. ಓಡುವಾಗ ಗಾಳಿಗೆ ಎಣ್ಣೆ ಹಿಂದಕ್ಕೆ ಹರಡುತ್ತೆ, ಹನಿ ಬಿದ್ದ ಜಾಗ ಒಂದನ್ನೇ ನಂಬ್ಬೇಡಿ. ಒದ್ದೆಯಾಗಿರೋದರಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಯಾವ್ದಿದೆ ಅಂತ ಹುಡುಕಿ. ಬೆಲ್ ಹೌಸಿಂಗ್, ಅಂದ್ರೆ ಕನ್ವರ್ಟರ್ ಇರೋ ಕವಚ, ಅದರ ತಳ ಒಣಗಿದ್ರೆ ಕನ್ವರ್ಟರ್ ಮಾತು ಬಿಡಿ.

ಸಿಟಿ_ಸವಾರ: ಇಷ್ಟೆಲ್ಲ ಯಾಕೆ, ಲೀಕ್ ನಿಲ್ಲಿಸೋ ಡಬ್ಬಿ ಒಂದು ಸುರಿದ್ರೆ ಆಯ್ತು.

ಪಾನಾ_14: ಎಲ್ಲಿ ಸೋರ್ತಿದೆ ಅಂತಾನೇ ಗೊತ್ತಿಲ್ಲ, ಯಾವುದಕ್ಕೆ ಸುರೀತೀರಿ?

ತುಂಗಾತೀರ: ಬಲಗಡೆ! ಡ್ರೈವರ್ ಕಡೆ ಚಕ್ರದ ಪಕ್ಕ. ಬೆಲ್ ಹೌಸಿಂಗ್ ತಳದಲ್ಲಿ ಪೌಡರ್ ಹಂಗೇ ಬೆಳ್ಳಗಿದೆ. ಬಿಸಿ ಮಾಡಿ ನೋಡ್ದೆ, ಗೇರ್ ಎಣ್ಣೆ ಗೆರೆಯೊಳಗೇ ಇದೆ. ಸ್ಟೀರಿಂಗ್ ಎಣ್ಣೆ ಡಬ್ಬೀಲಿ ಮಿನ್‌ಗಿಂತ ಕೆಳಗಿದೆ. ಬೆಳಿಗ್ಗೆ ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ಗೊಂಯ್ ಅನ್ನೋದು ಬಹಳ ದಿನದಿಂದ ಇದೆ, ಅದಕ್ಕೂ ಇದಕ್ಕೂ ಸಂಬಂಧ ಇರುತ್ತಾ?

ಪಾನಾ_14: ಅದನ್ನ ಮೊದಲೇ ಹೇಳೋದಲ್ವಾ ಮಾರಾಯ್ರೇ! ಡಬ್ಬಿಯಿಂದ ಪಂಪಿಗೆ ಬರೋ ರಬ್ಬರ್ ಹೋಸು, ಅದರ ಕ್ಲಿಪ್ಪು ಮೊದಲು ನೋಡಿ. ಅಲ್ಲಿದ್ರೆ ಸಣ್ಣ ಕೆಲಸ. ಪಂಪಿಂದ ಚಕ್ರ ತಿರುಗಿಸೋ ರ‍್ಯಾಕಿಗೆ ಹೋಗೋ ಪ್ರೆಷರ್ ಲೈನ್ ಆದ್ರೆ ಅದಕ್ಕೇ ಅಂತ ಮಾಡಿದ ಹೋಸೇ ಬೇಕು, ಮಾಮೂಲಿದು ಒತ್ತಡಕ್ಕೆ ಸಿಡಿಯುತ್ತೆ. ಡಬ್ಬಿ ಖಾಲಿ ಮಾಡ್ಕೊಂಡು ಮಾತ್ರ ಓಡಿಸ್ಬೇಡಿ, ಪಂಪ್ ಹೋಗುತ್ತೆ.

ಹಳೆಗಾಡಿ: ಗೇರ್‌ಬಾಕ್ಸಿಗೆ ಟಿ-4 ಅನ್ನೋ ಎಣ್ಣೆ, ಸ್ಟೀರಿಂಗಿಗೆ ಡೆಕ್ಸ್‌ರಾನ್. ಎರಡೂ ಕೆಂಪು ಅಂತ ಒಂದರದ್ದು ಇನ್ನೊಂದಕ್ಕೆ ಸುರೀಬೇಡಿ.

ಗೌಡ್ರು_ಗೇರ್: ಹೋಸ್ ಹಾಕಿಸಿ, ಬೇಡ ಅನ್ನಲ್ಲ. ಮಳೆಗಾಲ ಮುಗಿಯೋದ್ರೊಳಗೆ ಕನ್ವರ್ಟರ್ ಸೀಲಿಗೆ ಬಂದೇ ಬರ್ತೀರಿ.

ಹೊಸಬ_ಹಾಸನ: ಮಧ್ಯೆ ಬಾಯಿ ಹಾಕ್ತಿದ್ದೀನಿ, ಬೇಜಾರಾಗ್ಬೇಡಿ. ನಂದು ಮ್ಯಾನ್ಯುಯಲ್ ಗೇರ್ ಗಾಡಿ, ಕೆಳಗೆ ಹಸಿರು ನೀರು ಬೀಳ್ತಿದೆ. ಇದೂ ಕನ್ವರ್ಟರ್ ಸೀಲಾ ಗೌಡ್ರೇ?