ಹಳೇ ಕೇಸಿನಲ್ಲಿ ಶಿಕ್ಷೆಯಾಗಿದ್ದರೆ ಹೊರದೇಶದಲ್ಲಿ ಟೀಚರ್ ಕೆಲಸ ಸಿಗುತ್ತಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಗೆಳೆಯನ ಪರವಾಗಿ ಕೇಳುತ್ತಿದ್ದೇನೆ. ಕಾಲೇಜಿನಲ್ಲಿದ್ದಾಗ ಒಂದು ಹೊಡೆದಾಟದ ಕೇಸಿನಲ್ಲಿ ಅವನಿಗೆ ಶಿಕ್ಷೆಯಾಯಿತು. ಜೈಲಿಲ್ಲ, ಬರೀ ದಂಡ. ಈಗ ಅವನು ತುಂಬಾ ಒಳ್ಳೆಯ ಇಂಗ್ಲಿಷ್ ಟೀಚರ್. ಹಿಂದುಳಿದ ಮಕ್ಕಳನ್ನು ಶಾಲೆ ಬಿಟ್ಟ ಮೇಲೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಾನೆ. ಹೊರದೇಶದಲ್ಲಿ ಕಲಿಸುವ ಆಸೆ. ಆದರೆ ಅರ್ಜಿಯಲ್ಲಿ ‘ನಿಮಗೆ ಯಾವತ್ತಾದರೂ ಶಿಕ್ಷೆಯಾಗಿದೆಯೇ?’ ಅನ್ನೋ ಸಾಲಿಗೆ ಬಂದು ನಿಂತುಬಿಟ್ಟಿದ್ದಾನೆ.

ದಕ್ಷಿಣ ಕೊರಿಯಾದ ಇ-2 ವೀಸಾಗೆ (ವಿದೇಶಿ ಭಾಷೆ ಕಲಿಸುವ ಟೀಚರ್‌ಗಳ ವೀಸಾ) ಅಪೊಸ್ಟಿಲ್, ಅಂದರೆ ಹೊರದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ, ಆದ ಪೊಲೀಸ್ ಪ್ರಮಾಣಪತ್ರ ಬೇಕೇ ಬೇಕು. ಚೀನಾದ ಕೆಲಸದ ಪರ್ಮಿಟ್‌ಗೂ ಅಪರಾಧ ದಾಖಲೆ ಇಲ್ಲವೆಂಬ ಪತ್ರ ಕೇಳುತ್ತಾರೆ. ಜಪಾನ್ ಕಾನೂನಿನಲ್ಲಿ 1 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆಯಾದವರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಡ್ರಗ್ಸ್ ಕೇಸಾದರೆ ಶಿಕ್ಷೆ ಚಿಕ್ಕದಿದ್ದರೂ ಅಷ್ಟೇ. ಇಂಗ್ಲೆಂಡಿನ ಶಾಲೆಗಳಲ್ಲಿ ಎನ್‌ಹಾನ್ಸ್ಡ್ ಡಿಬಿಎಸ್ ಅನ್ನೋ, ಅಪರಾಧ ದಾಖಲೆಗಳನ್ನು ವಿವರವಾಗಿ ನೋಡುವ ತಪಾಸಣೆ ಇದೆ. ಮಕ್ಕಳ ವಿಷಯ ಅಲ್ವಾ, ಬಿಗಿ ಇರಲೇಬೇಕು.

‘ಹಳೇದು ಬಿಡು, ಇಲ್ಲ ಅಂತ ಟಿಕ್ ಹಾಕು’ ಅಂತ ಕೆಲವರು ಹೇಳುತ್ತಿದ್ದಾರೆ. ನಾನು ಬೇಡವೇ ಬೇಡ ಅಂದಿದ್ದೇನೆ. ಮುಚ್ಚಿಟ್ಟಿದ್ದು ಸಿಕ್ಕಿಬಿದ್ದರೆ ವೀಸಾನೇ ರದ್ದಾಗಬಹುದು. ಆಗ ಹಳೇ ಕೇಸಿಗಿಂತ ಸುಳ್ಳೇ ದೊಡ್ಡದಾಗುತ್ತದೆ.

ಇಂಥ ದಾಖಲೆ ಇದ್ದೂ ಯಾರಿಗಾದರೂ ಕೆಲಸ ಸಿಕ್ಕಿದೆಯಾ? ವಿಷಯವನ್ನು ಶಾಲೆಗೆ ಮೊದಲ ಇಂಟರ್‌ವ್ಯೂನಲ್ಲೇ ಹೇಳುವುದು ಒಳ್ಳೆಯದಾ, ಆಫರ್ ಬಂದ ಮೇಲಾ? ಕೋರ್ಟ್ ಆದೇಶದ ನಕಲು, ದಂಡ ಕಟ್ಟಿದ ರಸೀದಿ, ಈಗಿನ ಮುಖ್ಯೋಪಾಧ್ಯಾಯರ ಪತ್ರ, ಇವನ್ನೆಲ್ಲ ಜೊತೆಗಿಟ್ಟರೆ ನೋಡುತ್ತಾರಾ? ಬರೀ ದಂಡವಾದ ಕೇಸನ್ನು ಹೇಗೆ ಪರಿಗಣಿಸುತ್ತಾರೆ ಅನ್ನೋದು ಮುಖ್ಯವಾಗಿ ಬೇಕು. ವೀಸಾ ಕೇಸು ನೋಡುವ ವಕೀಲರು ಯಾರಾದರೂ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಅರ್ಜಿ ಹಾಕೋಕೆ ಜಾಸ್ತಿ ದಿನ ಉಳಿದಿಲ್ಲ.