ಬೆಲ್‌ಫಾಸ್ಟ್ ಇಂಟಿಗ್ರೇಟೆಡ್ ಶಾಲೆಯಲ್ಲಿ ಮಗಳು, ಕಲೆಗೆ ಅನುದಾನ ಹೇಗೆ ಕೇಳೋದು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ನಾರ್ದರ್ನ್ ಐರ್ಲೆಂಡ್‌ನ ಬೆಲ್‌ಫಾಸ್ಟ್‌ನಲ್ಲಿ ಒಂದು ಇಂಟಿಗ್ರೇಟೆಡ್ ಶಾಲೆಯಲ್ಲಿ ಓದುತ್ತಿದ್ದಾಳೆ. ಕ್ಯಾಥೊಲಿಕ್, ಪ್ರೊಟೆಸ್ಟೆಂಟ್, ನಮ್ಮಂಥ ಬೇರೆ ಧರ್ಮದವರು, ಎಲ್ಲರ ಮಕ್ಕಳೂ ಒಟ್ಟಿಗೆ ಕಲಿಯುವ ಶಾಲೆ. ಅವಳಿಗೆ ಚಿತ್ರ ಬಿಡಿಸೋದು, ಸಣ್ಣ ಸಣ್ಣ ವಿಡಿಯೊ ಮಾಡೋದು ಅಂದ್ರೆ ಪ್ರಾಣ. ಸೆಲ್ಲೊ, ಅದೇ ದೊಡ್ಡ ಪಿಟೀಲಿನಂಥ ವಾದ್ಯ, ಕಲಿಯೋ ಆಸೆನೂ ಇದೆ. ಖರ್ಚು ನೋಡಿದರೆ ಭಯ ಆಗುತ್ತೆ. ಇಂಥ ಶಾಲೆಗಳಿಗೆ ಅಂತಲೇ ಒಂದು ಫಂಡ್ ಇದೆಯಂತೆ. ಅರ್ಜಿ ಹಾಕಿದ ಅನುಭವ ಇರೋರು ದಯವಿಟ್ಟು ಹೇಳಿ.

ಉತ್ತರ 1:
ನೀವು ಕೇಳಿದ್ದು ಇಂಟಿಗ್ರೇಟೆಡ್ ಎಜುಕೇಶನ್ ಫಂಡ್ ಇರಬೇಕು. 1992ರಲ್ಲಿ ಶುರುವಾದ ಚಾರಿಟಿ. ನನ್ನ ಮಗನ ಶಾಲೆಯಲ್ಲಿ ಇದನ್ನೆಲ್ಲ ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಇಂಥ ಅನುದಾನ ಸಾಮಾನ್ಯವಾಗಿ ಶಾಲೆಯ ಹೆಸರಿಗೆ, ಒಂದು ಯೋಜನೆಗೆ ಅಂತ ಬರುತ್ತದೆ. ಆದ್ದರಿಂದ ಫಾರ್ಮ್ ಹುಡುಕುವ ಮೊದಲು ಆರ್ಟ್ ಟೀಚರನ್ನ ಕಾಣಿ.

ಈ ಶಾಲೆಗಳು ಹುಟ್ಟಿದ ಕಥೆ ಗೊತ್ತಿದ್ದರೆ ಅರ್ಜಿಯಲ್ಲಿ ಏನು ಬರೀಬೇಕು ಅನ್ನೋದು ತಾನಾಗೇ ಹೊಳೆಯುತ್ತೆ. 1981ರಲ್ಲಿ, ಇಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಸಮುದಾಯಗಳ ನಡುವೆ ಗಲಾಟೆ ಜೋರಾಗಿದ್ದ ಕಾಲದಲ್ಲಿ, ಅಪ್ಪ ಅಮ್ಮಂದಿರೇ ಸೇರಿ 28 ಮಕ್ಕಳೊಂದಿಗೆ ಲಗಾನ್ ಕಾಲೇಜ್ ಅನ್ನೋ ಮೊದಲ ಇಂಟಿಗ್ರೇಟೆಡ್ ಹೈಸ್ಕೂಲು ಶುರು ಮಾಡಿದರು, ಆಗ ಸರ್ಕಾರದ ದುಡ್ಡು ಇರಲಿಲ್ಲ. 1989ರ ಕಾನೂನು ಬಂದ ಮೇಲೆ ಇಂಥ ಶಾಲೆಗಳಿಗೆ ಸರ್ಕಾರದ ಬೆಂಬಲ ಗಟ್ಟಿಯಾಯಿತು. 2022ರ ಕಾಯ್ದೆಯಂತೂ ಬೇರೆ ಬೇರೆ ಸಂಸ್ಕೃತಿ, ನಂಬಿಕೆಯ ಮಕ್ಕಳು, ಯಾವ ಧರ್ಮವನ್ನೂ ನಂಬದ ಮನೆಯ ಮಕ್ಕಳು, ಬಡವರ ಮಕ್ಕಳು, ಅನುಕೂಲಸ್ಥರ ಮಕ್ಕಳು ಎಲ್ಲರೂ ಒಟ್ಟಿಗೆ ಕಲಿಯೋದೇ ಇಂಟಿಗ್ರೇಟೆಡ್ ಶಿಕ್ಷಣ ಅಂತ ಬಿಡಿಸಿ ಹೇಳುತ್ತದೆ. ಅಂದರೆ ನಿಮ್ಮ ಮಗಳು ಅಲ್ಲಿ ಅತಿಥಿ ಅಲ್ಲ.

ಹಾಗಾಗಿ 'ನಮ್ಮ ಹುಡುಗಿ ತುಂಬ ಪ್ರತಿಭಾವಂತೆ' ಅಂತ ಬರೆದರೆ ಸಾಲದು. ಒಟ್ಟಿಗೆ ಏನು ಮಾಡುತ್ತಾರೆ, ಅದನ್ನು ಬರೆಯಿರಿ. ನಮ್ಮಲ್ಲಿ ಮಕ್ಕಳು ಮನೆಯಿಂದ ಶಾಲೆಗೆ ಬರುವ ದಾರಿಯನ್ನ ವಿಡಿಯೊ ಮಾಡಿದರು. ಒಬ್ಬಳ ಬೀದಿಯಲ್ಲಿ ಫುಟ್‌ಪಾತಿನ ಅಂಚಿಗೆ ಬ್ರಿಟಿಷ್ ಬಾವುಟದ ಕೆಂಪು, ಬಿಳಿ, ನೀಲಿ ಬಣ್ಣ. ಇನ್ನೊಬ್ಬನ ಬೀದಿಯ ಕಂಬದಲ್ಲಿ ಐರಿಶ್ ಬಾವುಟ. ನನ್ನ ಮಗ ನಮ್ಮ ಹೊಸ್ತಿಲ ರಂಗೋಲಿಯಿಂದ ಶುರು ಮಾಡಿದ. ಆ ಮೂರು ದಾರಿಗಳೂ ಒಂದೇ ಗೇಟಿಗೆ ಬಂದು ಸೇರೋದನ್ನ ನೋಡಿ ಶಾಲೆಯ ಸಭಾಂಗಣದಲ್ಲಿದ್ದ ದೊಡ್ಡವರ ಕಣ್ಣು ತುಂಬಿತ್ತು. ಈ ಯೋಜನೆಗೆ ಅರ್ಜಿ ಬರೆದಿದ್ದು ಟೀಚರ್. ಕಲಾವಿದರಿಗೆ ಎಷ್ಟು, ಬಣ್ಣಕ್ಕೆ ಎಷ್ಟು, ಬಾಡಿಗೆಗೆ ಎಷ್ಟು ಅಂತ ರೇಟು ವಿಚಾರಿಸಿ ಲೆಕ್ಕ ಕೊಟ್ಟಿದ್ದು ಅಪ್ಪ ಅಮ್ಮಂದಿರು. ಟೀಚರ್‌ಗಳಿಗೆ ಮನಸ್ಸಿರುತ್ತೆ, ಟೈಮ್ ಇರಲ್ಲ. ನೀವು ಅಲ್ಲಿ ಕೈ ಜೋಡಿಸಿದರೆ ಕೆಲಸ ಆಗುತ್ತೆ.

ಉತ್ತರ 2:
ವಿಡಿಯೊ ಬಗ್ಗೆ ನಾನು ಹೇಳುತ್ತೇನೆ. ಕ್ಯಾಮೆರಾಗೆ ಈಗಲೇ ದುಡ್ಡು ಹಾಕಬೇಡಿ ಅಕ್ಕ. ಇಲ್ಲಿನ ಪರೀಕ್ಷಾ ಮಂಡಳಿ ಸಿಸಿಇಎ, ಮೂವಿಂಗ್ ಇಮೇಜ್ ಆರ್ಟ್ಸ್ ಅಂತ ಒಂದು ವಿಷಯವನ್ನ ನಮ್ಮ ಹತ್ತನೇ ಕ್ಲಾಸಿನಂಥ ಜಿಸಿಎಸ್‌ಇಗೂ ಪಿಯುಸಿಯಂಥ ಎ ಲೆವೆಲ್‌ಗೂ ಇಟ್ಟಿದೆ. ಸಿನಿಮಾ ಮಾಡೋದೇ ಪಾಠ! ನಿಮ್ಮ ಶಾಲೆಯಲ್ಲಿ ಇದೆಯಾ ಕೇಳಿ, ಇದ್ದರೆ ಸಲಕರಣೆ ಅಲ್ಲೇ ಇರುತ್ತೆ. ಡೆರಿಯ ನರ್ವ್ ಸೆಂಟರ್, ಅವರದೇ ಬೆಲ್‌ಫಾಸ್ಟ್ ಶಾಖೆ, ಅರ್ಮಾದ ಆಮಾ ಸೆಂಟರ್, ಇವೆಲ್ಲ ವಿಡಿಯೊ, ಡಿಜಿಟಲ್ ಕಲೆ ಕಲಿಸುವ ಕೇಂದ್ರಗಳು, ಇಲ್ಲಿನ ಸಿನಿಮಾ ಸಂಸ್ಥೆ ನಾರ್ದರ್ನ್ ಐರ್ಲೆಂಡ್ ಸ್ಕ್ರೀನ್ ಬೆಂಬಲದಿಂದ ಶಾಲೆಗಳ ಜೊತೆ ಕೆಲಸ ಮಾಡಿವೆ. ಇದೂ ಅಷ್ಟೇ, ಶಾಲೆಯ ಮೂಲಕ ಕೇಳಬೇಕು.

ಸೆಲ್ಲೊಗೆ, ಇಲ್ಲಿನ ಶಾಲೆಗಳನ್ನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಜುಕೇಶನ್ ಅಥಾರಿಟಿಯ ಮ್ಯೂಸಿಕ್ ಸರ್ವಿಸ್ ಇದೆ. ಪಾಠವೂ ಇದೆ, ವಾದ್ಯ ಎರವಲು ಕೊಡೋದೂ ಇದೆ. ಸೀಟು ಕಡಿಮೆ. ಅದಕ್ಕೇ ಬೇಗ ಹೆಸರು ಕೊಡಿ.

ಉತ್ತರ 3:
ಇನ್ನೊಂದು ದಾರಿ ಇದೆ, ಯಾರೂ ಜಾಸ್ತಿ ಹೇಳಲ್ಲ. ಇಲ್ಲಿ ಸ್ಥಳೀಯ ಆಡಳಿತದ 11 ಕೌನ್ಸಿಲ್‌ಗಳಿವೆ, ಎಲ್ಲದರಲ್ಲೂ ಗುಡ್ ರಿಲೇಶನ್ಸ್ ಅಂತ ಒಂದು ಕಾರ್ಯಕ್ರಮ ಇರುತ್ತೆ. ಬೇರೆ ಬೇರೆ ಸಮುದಾಯದವರನ್ನ ಹತ್ತಿರ ತರುವ ಕೆಲಸಕ್ಕೆ ಅಲ್ಲಿ ದುಡ್ಡು. ಶಾಲೆಯ ಜೊತೆ ನಮ್ಮವರ ಒಂದು ಗುಂಪು ಸೇರಿಕೊಂಡು ಯಕ್ಷಗಾನದ ವೇಷಭೂಷಣ, ಮುಖವರ್ಣಿಕೆ ಕಲಿಸುವ ಕಮ್ಮಟ ಮಾಡಬಹುದಲ್ವಾ? ಬೆಲ್‌ಫಾಸ್ಟ್ ಮೇಳ ಅನ್ನೋ ಬಹುಸಂಸ್ಕೃತಿ ಹಬ್ಬ ನಡೆಸುವ ಆರ್ಟ್ಸ್‌ಏಕ್ತಾ ಸಂಸ್ಥೆಯವರನ್ನೂ ಒಮ್ಮೆ ವಿಚಾರಿಸಿ.

ಒಂದು ವಿಷಯ ಮಾತ್ರ ನೆನಪಿರಲಿ. ಶೇರ್ಡ್ ಎಜುಕೇಶನ್ ಅಂತ ಬೇರೆ ಒಂದು ಇದೆ, ಅದಕ್ಕೆ 2016ರ ಬೇರೆ ಕಾಯ್ದೆ. ಅದು ಬೇರೆ ಬೇರೆ ಶಾಲೆಗಳ ಮಕ್ಕಳು ಆಗಾಗ ಸೇರಿ ಕಲಿಯೋದು. ಅರ್ಜಿಯಲ್ಲಿ ಎರಡನ್ನೂ ಕಲಸಿ ಬರೀಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಈ ವಾರವೇ ಆರ್ಟ್ ಟೀಚರನ್ನ ಕಾಣುತ್ತೇನೆ. ನಮ್ಮ ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ಇಲ್ಲ, ಅಂದರೆ ಸರ್ಕಾರದ ಕೆಲವು ನೆರವು ಪಡೆಯೋ ಹಾಗಿಲ್ಲ ಅಂತ ಇದೆ, ಅದರಿಂದ ತೊಂದರೆ ಆಗುತ್ತಾ?

ಉತ್ತರ 1:
ಶಾಲೆಗೆ ಬರುವ ಅನುದಾನದ ಯೋಜನೆಯಲ್ಲಿ ನಿಮ್ಮ ಮಗಳು ಸೇರಿದರೆ ನೀವೇನೂ ಪಡೆದ ಹಾಗಲ್ಲ, ಧೈರ್ಯವಾಗಿರಿ. ಮುಂದೆ 16 ಆದಾಗ ಓದು ಮುಂದುವರಿಸುವವರಿಗೆ ಸಿಗುವ, ವಾರಕ್ಕೆ 30 ಪೌಂಡ್‌ನ ಇಎಂಎ ಅನ್ನೋ ಭತ್ಯೆ ಬಗ್ಗೆ ಶಾಲೆಯಲ್ಲಿ ಹೇಳುತ್ತಾರೆ. ಅದಕ್ಕೆ ಮನೆಯ ಆದಾಯದ ಮಿತಿಯೂ ಇದೆ, ಇಲ್ಲಿನ ವಾಸದ ಷರತ್ತೂ ಇದೆ. ಅದನ್ನು ಮಾತ್ರ ವೀಸಾ ಕಾಗದ ಮುಂದಿಟ್ಟುಕೊಂಡು, ತಿಳಿದವರನ್ನ ಕೇಳಿ ಆಮೇಲೆ ಹಾಕಿ. ಟೀಚರ್ ಏನಂದರು ಅಂತ ಇಲ್ಲೇ ಬರೆಯಿರಿ. ರೇಟು ವಿಚಾರಿಸೋದು, ಲೆಕ್ಕ ಹಾಕೋದು ಬಂದರೆ ನಾನೂ ಜೊತೆಗೆ ಕೂರುತ್ತೇನೆ.