ಬಿರುಗಾಳಿಗೆ ಕವಲು ಸೀಳಿದ ಮರ: ಕಡಿಸಬೇಕಾ, ಕಟ್ಟಿ ಉಳಿಸಬಹುದಾ?

ಪ್ರಶ್ನೆ: ಸರ್, ಮೊನ್ನೆಯ ಬಿರುಗಾಳಿಗೆ ನಮ್ಮ ಅಂಗಳದ ಹಳೆಯ ಮರದ ಕವಲು ಸೀಳಿದೆ. ಎರಡು ದಪ್ಪ ಕೊಂಬೆಗಳು ಸೇರುವ ಕಡೆ ಉದ್ದ ಬಿರುಕು. ಇನ್ನೊಂದು ಕೊಂಬೆ ಮುರಿದು ಜೋತಾಡುತ್ತಿದೆ. ತಂತಿ ಸುತ್ತಿ ಬಿಗಿದು, ಬಿರುಕಿಗೆ ಸಿಮೆಂಟ್ ಮೆತ್ತಿ ಅಂತ ಪಕ್ಕದವರು ಹೇಳುತ್ತಿದ್ದಾರೆ. ಮಾಡಬಹುದಾ?

ಉತ್ತರ: ಎರಡೂ ಬೇಡ. ಮೊದಲು ಆ ಜೋತಾಡುವ ಕೊಂಬೆಯ ಕೆಳಗೆ ಯಾರೂ ಓಡಾಡದ ಹಾಗೆ ನೋಡಿಕೊಳ್ಳಿ. ಅದು ಕರೆಂಟ್ ತಂತಿಗೆ ತಾಗಿದ್ದರೆ ಲೈನ್‌ನವರು ಬರುವವರೆಗೆ ಹತ್ತಿರವೇ ಹೋಗಬೇಡಿ.

ಆಮೇಲೆ ಬುಡ ನೋಡಿ. ಎಲ್ಲರ ಕಣ್ಣೂ ಬಿರುಕಿನ ಮೇಲೇ ಇರುತ್ತದೆ, ಬೇರು ಯಾರಿಗೂ ನೆನಪಾಗಲ್ಲ. ಒಂದು ಕಡೆ ಮಣ್ಣು ಹೊಸದಾಗಿ ಉಬ್ಬಿದೆಯಾ? ನೆಲ ಬಿರಿದಿದೆಯಾ? ಗಾಳಿಗೆ ಮರ ತೂಗಿದಾಗ ಮಣ್ಣೂ ಏಳುತ್ತದಾ? ಹಾಗಿದ್ದರೆ ಬೇರು ಕಿತ್ತಿದೆ, ಮೇಲೆ ಏನು ಕಟ್ಟಿದರೂ ಪ್ರಯೋಜನವಿಲ್ಲ. ಮನೆಯ ಪಕ್ಕದಲ್ಲಿದ್ದರೆ ಕಡಿಸುವುದೇ ಸರಿ.

ಬುಡ ಗಟ್ಟಿ ಇದ್ದರೆ ಉಳಿಸಲು ನೋಡಬಹುದು. ಆದರೆ ತಂತಿ ಸುತ್ತಬೇಡಿ. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಒಳಪದರದಲ್ಲಿ ಕೆಳಗಿಳಿಯುತ್ತದೆ. ಕೊಂಬೆ ವರ್ಷ ವರ್ಷ ದಪ್ಪವಾಗುತ್ತದೆ, ತಂತಿ ಹಿಗ್ಗುವುದಿಲ್ಲ. ಕೊನೆಗೆ ಅದೇ ತೊಗಟೆ ಕೊಯ್ದು ಆ ದಾರಿ ಮುಚ್ಚುತ್ತದೆ. ಅದಕ್ಕೇ ನಾವು ಎರಡೂ ಕೊಂಬೆಗೆ ತೂತು ಕೊರೆದು ಬೋಲ್ಟ್ ಹಾಕಿ, ನಡುವೆ ಉಕ್ಕಿನ ಕೇಬಲ್ ಎಳೆಯುತ್ತೇವೆ. ನೋಡಲು ಕ್ರೂರ, ಆದರೆ ಗಾಯ ಆ ತೂತಿನಷ್ಟೇ. ಕವಲಿನಿಂದ ತುದಿವರೆಗಿನ ಎತ್ತರದಲ್ಲಿ ಸುಮಾರು 3ರಲ್ಲಿ 2 ಭಾಗ ಮೇಲೆ ಕೇಬಲ್ ಬರಬೇಕು. ತೀರಾ ಕೆಳಗೆ ಹಾಕಿದರೆ ಹಿಡಿತ ಸಾಲದು. ನಿಮ್ಮದು ಈಗಾಗಲೇ ಸೀಳಿರುವುದರಿಂದ ಬಿರುಕಿಗೆ ಅಡ್ಡಲಾಗಿ ಉಕ್ಕಿನ ರಾಡ್ ಕೂಡ ಬೇಕು. ಇದು ಏಣಿ ಹಾಕಿಕೊಂಡು ಮನೆಯವರು ಮಾಡುವ ಕೆಲಸ ಅಲ್ಲ.

ಸಿಮೆಂಟ್ ಗಟ್ಟಿ, ಮರ ತೂಗಾಡುತ್ತದೆ. ನಡುವೆ ಸಂದು ಬಿಟ್ಟು ನೀರು ನಿಂತು ಕೊಳೆಯುತ್ತದೆ. ಗಾಯಕ್ಕೆ ಡಾಂಬರು, ಪೇಂಟ್ ಕೂಡ ಬೇಡ. ಮರ ಕೆಟ್ಟ ಭಾಗವನ್ನು ಒಳಗೇ ಗೋಡೆ ಕಟ್ಟಿ ಬೇರೆ ಮಾಡುತ್ತದೆ, ಗಾಯದ ಸುತ್ತ ಹೊಸ ಕಟ್ಟಿಗೆಯ ಪದರ ಬೆಳೆಯುತ್ತದೆ.

ಮುರಿದ ಕೊಂಬೆಯನ್ನು, ಅದು ಕಾಂಡಕ್ಕೆ ಸೇರುವ ಕಡೆ ಇರುವ ಉಬ್ಬಿದ ಉಂಗುರ ಬಿಟ್ಟು, ಅದರ ಹೊರಗೇ ಕತ್ತರಿಸಬೇಕು. ಆ ಉಂಗುರದಿಂದಲೇ ಗಾಯ ಮುಚ್ಚುವುದು.

ಪ್ರಶ್ನೆ: ಭಾರ ಕಡಿಮೆಯಾಗಲಿ ಅಂತ ತಲೆ ಪೂರ್ತಿ ಬೋಳಿಸಿದರೆ?

ಉತ್ತರ: ಬೇಡವೇ ಬೇಡ! ಎಲೆ ಹೋದರೆ ಗಾಯ ಮುಚ್ಚಲು ಶಕ್ತಿ ಎಲ್ಲಿಂದ ಬರಬೇಕು? ಆಮೇಲೆ ಚಿಗುರುವ ಕೊಂಬೆಗಳ ಹಿಡಿತವೂ ದುರ್ಬಲ, ಮುಂದಿನ ಗಾಳಿಗೆ ಅವೇ ಮೊದಲು ಬೀಳುವುದು. ಸೀಳಿದ ಕೊಂಬೆಗಳ ತುದಿ ಮಾತ್ರ ಸ್ವಲ್ಪ ಹಗುರ ಮಾಡಿಸಿ. ಈ ವರ್ಷ ಗೊಬ್ಬರವೂ ಬೇಡ. ಮಳೆ ಇಲ್ಲದಾಗ ಆಳಕ್ಕೆ ಇಳಿಯುವಂತೆ ನೀರು ಕೊಡಿ. ಬುಡದ ಸುತ್ತ 5ರಿಂದ 10 ಸೆಂಟಿಮೀಟರ್ ದಪ್ಪಕ್ಕೆ ತರಗೆಲೆ ಹರಡಿ, ಕಾಂಡಕ್ಕೆ ತಾಗಬಾರದು.

ಇನ್ನೊಬ್ಬರ ಪ್ರಶ್ನೆ: ಅಗಲವಾದ ಬಟ್ಟೆಯ ಬೆಲ್ಟ್ ಇರುವ ಹಗ್ಗ ಸಿಗುತ್ತದಲ್ಲ, ಅದು ಆಗಲ್ವಾ?

ಉತ್ತರ: ಇನ್ನೂ ಸೀಳದ ಕವಲಿಗೆ ಮುಂಜಾಗ್ರತೆಯಾಗಿ ಒಳ್ಳೆಯದು. ಅದು ಸ್ವಲ್ಪ ಹಿಗ್ಗುತ್ತದೆ, ಮರ ತೂಗಾಡಲು ಬಿಡುತ್ತದೆ. ಸೀಳಿದ ಕವಲಿಗೆ ಅದೇ ತೊಂದರೆ, ಬಿರುಕು ಮತ್ತೆ ಮತ್ತೆ ಬಾಯಿ ಬಿಡುತ್ತದೆ.

ಪ್ರಶ್ನೆ: ಒಮ್ಮೆ ಹಾಕಿಸಿದರೆ ಮುಗೀತಾ ಸರ್?

ಉತ್ತರ: ಇಲ್ಲ. ವರ್ಷಕ್ಕೊಮ್ಮೆ, ಮತ್ತೆ ಪ್ರತಿ ದೊಡ್ಡ ಗಾಳಿಯ ನಂತರ ನೋಡಿಸಬೇಕು. ಮರ ಎತ್ತರವಾದಂತೆ ಇನ್ನೂ ಮೇಲೆ ಹೊಸ ಕೇಬಲ್ ಬೇಕಾಗಬಹುದು. ಕೇಬಲ್ ಅಪಾಯ ತಗ್ಗಿಸುತ್ತದೆ, ಪೂರ್ತಿ ತೆಗೆಯುವುದಿಲ್ಲ. ಮರದ ಕೆಳಗೆ ಉಯ್ಯಾಲೆ, ಕೂರುವ ಬೆಂಚು ಇದ್ದರೆ ಬೇರೆ ಕಡೆ ಹಾಕಿಸಿ.